ಖತೀಜಾಬಿ ಮತ್ತು ಉತಾರದ ಹನ್ನೆರಡನೇ ಕಾಲಂ

ಜೂನ್ ತಿಂಗಳ ಎರಡನೇ ವಾರ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚುತ್ತಿದ್ದೆ. ಖತೀಜಾಬಿ ಒಳಗೆ ಬಂದವಳೇ ಹೆಗಲ ಮೇಲಿನ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದಳು. ತುದಿಗೆ ಕೆಂಪು ಪ್ಲಾಸ್ಟಿಕ್ ಪಟ್ಟಿ ಕಟ್ಟಿದ ಕಬ್ಬಿಣದ ಸಲಾಕೆಗಳು, ಇಪ್ಪತ್ತಕ್ಕಿಂತ ಹೆಚ್ಚು. ಬುಡಕ್ಕೆ ಹಸಿ ಮಣ್ಣು ಮೆತ್ತಿತ್ತು. ಒಂದೆರಡಕ್ಕೆ ಆಗಷ್ಟೇ ಮೊಳಕೆಯೊಡೆದ ಭತ್ತದ ಸಸಿ ಬೇರುಸಮೇತ ಅಂಟಿಕೊಂಡಿತ್ತು.

"ಇವು ಯಾರವು ಅಂತ ಕೇಳಿ ಒಂದ ಅರ್ಜಿ ಬರದ ಕೊಡ್ರಿ ಶಿವಲಿಂಗಣ್ಣಾರ," ಎಂದಳು. "ನಮ್ಮ ಹೊಲದಾಗ ನೆಟ್ಟ ಹೋಗ್ಯಾರ. ಕೇಳಿಲ್ಲ, ಹೇಳಿಲ್ಲ. ಮೊಳಕಿ ಬಂದ ಸಾಲಿನ ಮ್ಯಾಲ ಬೂಟಗಾಲೀಲೆ ಅಡ್ಡಾಡ್ಯಾರ."

ಅವು ಯಾರವೆಂದು ನನಗೆ ಗೊತ್ತಿತ್ತು.

ಹಳಿಯಾಳ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅರ್ಜಿ, ಕರಾರು, ಒಪ್ಪಿಗೆಪತ್ರ ಬರೆದುಕೊಡುವುದೇ ನನ್ನ ಉದ್ಯೋಗ. ಆ ವರ್ಷದ ಮಾರ್ಚಿನಲ್ಲಿ ರಾಕೇಶ ಎಂಬ ಏಜೆಂಟ ಬಂದು ಹುಣಸಿಕೊಪ್ಪದ ಹನ್ನೊಂದು ಜಮೀನುದಾರರ ಪತ್ರಗಳನ್ನು ನನ್ನಲ್ಲೇ ಬರೆಸಿದ್ದ. ನೂರ ಎಂಬತ್ತು ಎಕರೆ, ಮೂವತ್ತು ವರ್ಷದ ಲೀಸು, ಒಂದು ಸೋಲಾರ್ ಕಂಪನಿಗೆ. ಈ ಸಲಾಕೆಗಳು ಅವರ ಅಳತೆಯ ಗುರುತು. ಹನ್ನೊಂದು ಪತ್ರಗಳಲ್ಲೂ ಒಂದೇ ಸಾಲು ಇತ್ತು: ಸದರಿ ಜಮೀನು ಹಲವು ವರ್ಷಗಳಿಂದ ಸಾಗುವಳಿ ಇಲ್ಲದೆ ಬೀಳು ಬಿದ್ದಿರುತ್ತದೆ. ರಾಕೇಶ ಹೇಳಿದ, ನಾನು ಟೈಪ್ ಮಾಡಿದೆ. ಒಮ್ಮೆ ಟೈಪ್ ಮಾಡಿ ಹತ್ತು ಸಲ ಕಾಪಿ ಹೊಡೆದೆ.

ಅದನ್ನು ಆ ದಿನ ಖತೀಜಾಬಿಗೆ ಹೇಳಲಿಲ್ಲ. ತಲೆ ತಗ್ಗಿಸಿ ಅವಳ ಅರ್ಜಿಯನ್ನೂ ಬರೆದುಕೊಟ್ಟೆ.

ಖತೀಜಾಬಿ ಹುಣಸಿಕೊಪ್ಪದ ಸಿದ್ದಿ ಕೇರಿಯವಳು, ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. ಅವಳ ಅಪ್ಪ ಊರ ಜಮೀನುದಾರ ಶಂಕ್ರಪ್ಪ ಸಾವಕಾರರ ತಂದೆಯ ಮನೆಯಲ್ಲಿ ದನ ಕಾಯುತ್ತಿದ್ದ. ಇವಳೂ ಒಂಬತ್ತನೇ ವಯಸ್ಸಿಗೆ ಆ ಮನೆಯ ಸಗಣಿ ಬಾಚಲು ನಿಂತವಳು. ಗಂಡ ಮಕ್ತುಂಸಾಬ ಬಿದಿರಿನ ಲಾರಿ ಹೇರುತ್ತಿದ್ದ. ಮಗಳು ರುಬಿನಾ ಎರಡು ವರ್ಷದವಳಿದ್ದಾಗ ಕಾಮಾಲೆಯಾಗಿ ತೀರಿಕೊಂಡ. ಆ ವರ್ಷವೇ ಹಿರಿಯ ಸಾವಕಾರರು ಊರ ಮೇಲ್ಗಡೆಯ ಮೂರೂಕಾಲು ಎಕರೆಯನ್ನು ಅವಳಿಗೆ ಪಾಲಿಗೆ ಕೊಟ್ಟರು. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಇವಳಿಗೆ. ಕರುಣೆಯಿಂದ ಕೊಟ್ಟದ್ದೇನಲ್ಲ. ಆ ಹೊಲದಲ್ಲಿ ಮಣ್ಣಿಗಿಂತ ಕಲ್ಲು ಹೆಚ್ಚಿದ್ದವು, ನೇಗಿಲ ಕುಳ ಮುರಿಯುತ್ತಿತ್ತು, ಬೇರೆ ಯಾರೂ ಮುಟ್ಟಿರಲಿಲ್ಲ.

ಅವಳು ಮುಟ್ಟಿದಳು. ಹದಿನೆಂಟು ಬೇಸಿಗೆ ಬುಟ್ಟಿಯಲ್ಲಿ ಕಲ್ಲು ಹೊತ್ತು ಹೊಲದ ಬಡಗಣ ಮೂಲೆಗೆ ಹಾಕಿದಳು. ಆ ಗುಪ್ಪೆ ಈಗ ಆಳೆತ್ತರಕ್ಕಿಂತ ಮೇಲಿದೆ. ಮೂರನೇ ವರ್ಷಕ್ಕೆ ಕೂರಿಗೆಯಿಂದ ಭತ್ತ ಬಿತ್ತಿದಳು. ಐದನೇ ವರ್ಷಕ್ಕೆ ಭತ್ತ ಕೊಯ್ದ ಮೇಲೆ ಅಲಸಂದಿಯೂ ಬಂತು. ಕಾಡಿನ ಅಂಚಿನ ಹೊಲ. ಹಂದಿ ಬರುತ್ತವೆ, ಕೆಲವು ವರ್ಷ ದಾಂಡೇಲಿ ಕಡೆಯಿಂದ ಆನೆ ಇಳಿಯುತ್ತವೆ. ಮರದ ಮೇಲೆ ಅಟ್ಟ ಕಟ್ಟಿ ತಾನೇ ಕಾದಳು. ತನ್ನ ಹೊಲದ ಕೆಲಸ ಮುಗಿದಾಗ ಹದಿನಾಲ್ಕು ಹೆಂಗಸರ ಗುಂಪು ಕಟ್ಟಿಕೊಂಡು ಊರವರ ಕಳೆ ತೆಗೆಯಲು, ಗೋವಿನಜೋಳ ಮುರಿಯಲು ಹೋಗುತ್ತಿದ್ದಳು. ಮಗಳನ್ನು ಅಂಬೇವಾಡಿಯಲ್ಲಿ ನಾದಿನಿಯ ಮನೆಯಲ್ಲಿಟ್ಟು ಬಂಗೂರನಗರದ ಕಾಲೇಜಿಗೆ ಕಳಿಸಿದ್ದಳು. ಐವತ್ತು ದಾಟಿದ ಹೆಂಗಸು. ಎತ್ತರ, ಗಟ್ಟಿ ದನಿ, ನಗುವಾಗಲೂ ಹುಬ್ಬು ಗಂಟಿಕ್ಕಿಯೇ ಇರುತ್ತದೆ.

ಅರ್ಜಿ ಹಿಡಿದು ತಹಶೀಲ್ದಾರ ಕಚೇರಿಯ ಕಿಟಕಿಗೆ ಹೋದವಳು ಅರ್ಧ ತಾಸಿನಲ್ಲಿ ಮರಳಿ ಬಂದಳು. ಅಲ್ಲಿನ ಗುಮಾಸ್ತ, ಸಲಾಕೆ ಏಜೆಂಟ ರಾಕೇಶ ತಂದ ಸೋಲಾರ್ ಕಂಪನಿಯವು, ಸಾವಕಾರರು ಹೊಲ ಲೀಸಿಗೆ ಕೊಟ್ಟಿದ್ದಾರೆ ಎಂದು ಹೇಳಿ ಕೇಳಿದ್ದನಂತೆ: "ಉತಾರದಾಗ ನಿನ್ನ ಹೆಸರ ಎಲ್ಲೈತಿ? ಹೆಸರ ಇಲ್ದಾವ್ರ ತಕರಾರ ನಾವ ಹೆಂಗ ತಗೊಳ್ಳೂಣು?"

"ಹೆಸರ ಇಲ್ಲಂದ್ರ ನಾನೂ ಇಲ್ಲಂತ ಹೇಳ್ತೀರೇನ್ರಿ?" ಎಂದು ಇವಳು ಕೇಳಿದ್ದಳು.

"ಕಾಗದದ ಪ್ರಕಾರ ಇಲ್ಲ."

ಅವನು ಹೇಳಿದ್ದು ಸುಳ್ಳಲ್ಲ, ಸಿಟ್ಟು ಬರುವುದೂ ಅದಕ್ಕೇ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಒಂಬತ್ತನೇ ಕಾಲಂ ಒಡೆಯನದು. ಹನ್ನೆರಡನೆಯದರಲ್ಲಿ ಯಾರು ಉಳುತ್ತಾರೆ, ಏನು ಬೆಳೆದಿದೆ ಎಂದು ಇರಬೇಕು. ಪಾಲಿಗೆ ಮಾಡುವವರ ಹೆಸರನ್ನು ಅಲ್ಲಿ ಯಾವ ಒಡೆಯನೂ ಬರೆಸುವುದಿಲ್ಲ. ಬರೆಸಿದರೆ ನಾಳೆ ಹಕ್ಕು ಕೇಳುತ್ತಾರೆಂಬ ಹೆದರಿಕೆ. ಹುಣಸಿಕೊಪ್ಪದ ಆ ನೂರ ಎಂಬತ್ತು ಎಕರೆಯಲ್ಲಿ ನಿಜಕ್ಕೂ ಕೆಸರು ತುಳಿಯುವ ಮನೆಗಳು ಮೂವತ್ತೇಳು. ಅದರಲ್ಲಿ ಇಪ್ಪತ್ತೊಂಬತ್ತು ಮನೆಗಳ ಹೆಸರು ಯಾವ ಕಾಗದದಲ್ಲೂ ಇಲ್ಲ.

ಆ ಭಾನುವಾರ ಊರಿಗೆ ಬಂದ ರುಬಿನಾ ಫೋನಿನಲ್ಲಿ ಉತಾರ ತೆಗೆದು ತಾಯಿಗೆ ಓದಿ ಹೇಳಿದಳು. ಒಡೆಯ, ಶಂಕ್ರಪ್ಪ ಮತ್ತು ಹೆಂಡತಿ ಸುಶೀಲವ್ವ. ಸಾಗುವಳಿ, ಸ್ವಂತ. ಬೆಳೆ, ಹಿಂದಿನ ವರ್ಷಗಳಲ್ಲಿ ಭತ್ತ. ಕಳೆದೆರಡು ವರ್ಷ ಬೀಳು.

"ಬೀಳು ಅಂತ ಹೆಂಗ ಬಂತು? ಎರಡೂ ವರ್ಷ ಭತ್ತ ಬೆಳದೇನಿ. ನೀನೂ ಹೊರಿ ಹೊತ್ತೀ."

ಸರ್ಕಾರದ ಬೆಳೆ ಸಮೀಕ್ಷೆಗೆ ಪ್ರತಿ ಹೊಲದ ಫೋಟೋ ತೆಗೆದು ಹಾಕುತ್ತಾರೆ. ಅದನ್ನೂ ಫೋನಿನಲ್ಲೇ ನೋಡಬಹುದು. ರುಬಿನಾ ಹುಡುಕಿ ತೆಗೆದಳು. ಫೋಟೋದಲ್ಲಿ ಭತ್ತದ ಒಂದು ತೆನೆಯೂ ಇರಲಿಲ್ಲ. ಚೌಕಟ್ಟಿನ ತುಂಬ ಇದ್ದದ್ದು ಬಡಗಣ ಮೂಲೆಯ ಕಲ್ಲಿನ ಗುಪ್ಪೆ, ಅದರ ಮೇಲೆ ಹಬ್ಬಿದ ಮುಳ್ಳುಕಂಟಿ. ಎರಡು ವರ್ಷವೂ ಅದೇ ಗುಪ್ಪೆ.

ಹೊಲವನ್ನು ಹೊಲ ಮಾಡಲು ಅವಳು ತಲೆಯ ಮೇಲೆ ಹೊತ್ತ ಕಲ್ಲುಗಳನ್ನೇ ತೋರಿಸಿ ಅದು ಹೊಲವಲ್ಲ ಎಂದಿದ್ದರು. ಖತೀಜಾಬಿ ಫೋನನ್ನು ಮಗಳ ಕೈಗೆ ಮರಳಿ ಕೊಟ್ಟಳೆಂದು ರುಬಿನಾ ಮುಂದೆ ನನಗೆ ಹೇಳಿದಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ ನಿತೇಶನ ಮನೆಗೆ ನಡೆದಳು. ಸಮೀಕ್ಷೆಯ ಕೆಲಸಕ್ಕೆ ಊರಲ್ಲಿ ಗೊತ್ತು ಮಾಡಿದ್ದು ಅವನನ್ನೇ.

ನಿತೇಶ ಮೊದಲು ಮಾತು ತೇಲಿಸಿದ. ಆಮೇಲೆ, "ಮಳಿ ಭಾಳ ಇತ್ತು ಕಾಕೂ, ರಸ್ತೆದ ಮ್ಯಾಲಿಂದ ತಗದೆ. ರಸ್ತೆಯಿಂದ ಅದ ಕಾಣ್ತಿತ್ತು," ಎಂದ.

"ಎರಡೂ ವರ್ಷ ಮಳಿ ಇತ್ತು?"

ಅವನು ಒಳಗೆ ಹೋಗಲು ತಿರುಗಿದ.

"ರಾಕೇಶ ಹೇಳಿದ್ನೇನು?"

"ಯಾರೂ ಹೇಳಿಲ್ಲ ಕಾಕೂ."

ಯಾರಾದರೂ ಹೇಳಿಕೊಟ್ಟರೋ, ಬರೀ ಸೋಮಾರಿತನವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಖತೀಜಾಬಿಗೆ ಎರಡೂ ಒಂದೇ ಆಗಿತ್ತು. "ನೀ ಕೆಸರಿನಾಗ ಹತ್ತ ಹೆಜ್ಜಿ ಇಡಲಿಲ್ಲ ಅಂತ ನಂದ ಹದಿನೆಂಟ ವರ್ಷ ಅಳಿಸಿ ಹೋತು," ಎಂದು ಹೇಳಿ ಬಂದಳು.

ಮರುದಿನ ಶಂಕ್ರಪ್ಪನವರ ಮನೆ. ಅವರು ಕೆಟ್ಟವರೆಂದು ನಾನು ಹೇಳಲಾರೆ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿಸಿದರು.

"ಖತೀಜಾ, ನಂದೇನ ತಪ್ಪೈತಿ ಹೇಳು. ಮೂವತ್ತ ವರ್ಷ ಕುಂತಲ್ಲೇ ಬಾಡಿಗಿ ಬರ್ತೈತಿ. ಹಂದಿ ಇಲ್ಲ, ಮಳಿ ಚಿಂತಿ ಇಲ್ಲ."

"ನಿಮ್ಮ ಬಾಡಿಗಿ ನಿಮಗ ಬರ್ಲಿ ಸಾವ್ಕಾರ್ರ. ನನಗೇನ ಬರ್ತೈತಿ?"

"ಕಂಪನ್ಯಾವ್ರ ಕೆಲಸಾ ಕೊಡ್ತಾರಂತ. ಸೋಲಾರ ಪ್ಲೇಟ ತೊಳ್ಯಾಕ, ಹುಲ್ಲ ಕೊಯ್ಯಾಕ ನಾಕ ಮಂದಿ ಬೇಕಾಗ್ತಾರಂತ. ನಾ ನಿನ್ನ ಹೆಸರ ಹೇಳ್ತೇನಿ."

"ಭತ್ತಾ ಕಿತ್ತ ಒಗದ ಜಾಗಾದಾಗ ಹುಲ್ಲ ಕೊಯ್ಯಾಕ ನನ್ನ ಕರೀತೀರೇನ್ರಿ?"

ಅವಳು ಚಹಾ ಮುಟ್ಟದೆ ಎದ್ದಳು. ಇದನ್ನೆಲ್ಲ ಸುಶೀಲವ್ವ ಬಾಗಿಲ ಒಳಗೆ ನಿಂತು ಕೇಳುತ್ತಿದ್ದರು. ಸಂಜೆ ಹಿತ್ತಲ ಬಾಗಿಲಿಗೆ ಖತೀಜಾಬಿಯನ್ನು ಕರೆಸಿ ಒಪ್ಪಿಗೆಪತ್ರದ ಝೆರಾಕ್ಸ್ ಕೈಗಿಟ್ಟರು. "ನಂದೂ ಸಹಿ ಐತಿ ಇದರಾಗ. ಏನ ಬರದಾರಂತ ನಿನ್ನ ಮಗಳ ಕಡೆ ಓದಿಸಿ ನನಗೂ ಹೇಳು," ಎಂದರು.

ಅದೇ ವಾರ ಕಂಪನಿಯ ಗುತ್ತಿಗೆದಾರ ಕೇರಿಗೆ ಬಂದ. ಯಂತ್ರ ಬರುವ ದಾರಿಗೆ ಯಲ್ಲವ್ವ ಮತ್ತಿತರರು ಪಾಲಿಗೆ ಮಾಡುವ ಕೆಳಗಿನ ಹೊಲಗಳ ಅಂಚಿನ ಬದು ಒಡೆಯಬೇಕು, ಗಿಡಗಂಟಿ ಕಡಿಯಬೇಕು, ನಿನ್ನ ಗುಂಪು ಕರಕೊಂಡು ಬಾ, ಕೂಲಿ ಊರಿಗಿಂತ ಹೆಚ್ಚು ಎಂದ. ಖತೀಜಾಬಿ ಬಾಗಿಲಲ್ಲೇ ಇಲ್ಲ ಅಂದಳು. ಗುಂಪಿನಲ್ಲಿದ್ದ ರೂಪಿಬಾಯಿ ಮಾತ್ರ ಒಪ್ಪಲಿಲ್ಲ. ಇಬ್ಬರೂ ಹದಿನೈದು ವರ್ಷ ಒಂದೇ ಸಾಲಿನಲ್ಲಿ ಕಳೆ ತೆಗೆದವರು.

"ನಿನಗರ ಪಾಲಿನ ಹೊಲಾ ಐತಿ," ಎಂದಳು ರೂಪಿಬಾಯಿ. "ನನಗ ಏನೈತಿ? ಯಾರ ಕರೀತಾರೋ ಅವರ ಹೊಲಕ್ಕ ಹೋಗಾಕಿ ನಾನು. ಬದು ಕಟ್ಟಂದ್ರ ಕಟ್ಟತೇನಿ, ಒಡಿ ಅಂದ್ರ ಒಡಿತೇನಿ."

"ಯಲ್ಲವ್ವನ ಬದು ಒಡದ ತಂದ ರೊಟ್ಟಿ ನಿನ್ನ ಮಕ್ಕಳಿಗೆ ಹೆಂಗ ಉಣಸ್ತಿ?"

ಆಡಬಾರದ ಮಾತು. ರೂಪಿಬಾಯಿ ಮರುದಿನದಿಂದ ಆ ಕೆಲಸಕ್ಕೇ ಹೋದಳು. ಜೊತೆಗೆ ಇನ್ನೂ ಐದು ಜನ. ಸಿಟ್ಟು ಹೋಗಬೇಕಾದ ಕಡೆ ಹೋಗದೆ ಅಂದು ತನ್ನಂಥವಳ ಮೇಲೆ ಬಿತ್ತು ಎಂಬುದು ಖತೀಜಾಬಿಗೆ ಗೊತ್ತಾಯಿತು. ಆದರೆ ಕರೆದು ಮಾತಾಡಿಸಲು ಅವಳಿಗೂ ಆಗಲಿಲ್ಲ.

ಝೆರಾಕ್ಸಿನ ಕೊನೆಯ ಪುಟದಲ್ಲಿ ಪತ್ರ ಬರೆದವನ ಸಹಿಯಿತ್ತು, ಅಂಗಡಿಯ ಮುದ್ರೆಯಿತ್ತು. ಅದನ್ನು ರುಬಿನಾ ಓದಿದ ಮರುದಿನ, ಮೊದಲ ಬಸ್ಸಿಗೇ ತಾಯಿ ಮಗಳು ನನ್ನ ಅಂಗಡಿಗೆ ಬಂದರು. ಇನ್ನೂ ಮೂರು ಗಿರಾಕಿಗಳು ಕೂತಿದ್ದರು. ಖತೀಜಾಬಿ ಕಾಗದವನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟಳು.

"ಇದು ನಿನ್ನ ಸಹಿ ಹೌದಲ್ಲೋ?"

ಅಲ್ಲಿಯವರೆಗೆ ಶಿವಲಿಂಗಣ್ಣಾರ ಎನ್ನುತ್ತಿದ್ದವಳು. ಅಂದಿನಿಂದ ನನಗೆ ಏಕವಚನವೇ. "ಹೌದು," ಅಂದೆ.

"ಆ ಹೊಲಾ ನೋಡೀಯೇನು?"

"ಇಲ್ಲ."

"ನೋಡಲಾರದ ಬೀಳು ಅಂತ ಹೆಂಗ ಬರದಿ?"

"ಅವರು ಹೇಳಿದ್ರು, ಬರದೆ. ನನ್ನ ಕೆಲಸ ಅಷ್ಟ..."

"ಅವತ್ತ ನಾ ಬಂದ ಕುಂತಾಗ ಗೊತ್ತಿತ್ತಿಲ್ಲೋ ನಿನಗ? ಗೊತ್ತಿದ್ದೂ ನನ್ನ ಅರ್ಜಿ ಬರದ ಕೊಟ್ಟಿ. ಅವರದೂ ಬರದಿ, ನಂದೂ ಬರದಿ. ಎರಡೂ ಕಡೆಯಿಂದ ಉಂಡಿ."

ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದು ಹೊರಗೆ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದ ಕಾಗದಗಳು ಲಕ್ಷ ದಾಟಿರಬಹುದು. ಅದರಲ್ಲಿ ಎಷ್ಟು ಹೊಲ, ಎಷ್ಟು ಮನೆ, ಎಷ್ಟು ಗಡಿಯನ್ನು ನಾನು ಕಣ್ಣಾರೆ ಕಂಡಿದ್ದೆ?

"ನಡಿ," ಎಂದಳು. "ಅಂಗಡಿ ಮುಚ್ಚು. ಹೋಗೂಣು. ನೋಡಿ ಬಾ, ಆಮ್ಯಾಲ ಏನ ಬರೀತಿ ಬರಿ."

ಮುಚ್ಚಿದೆ. ಮೂವರೂ ಬಸ್ಸು ಹತ್ತಿದೆವು. ಹುಣಸಿಕೊಪ್ಪದಲ್ಲಿ ಇಳಿದು ಮೇಲಿನ ಹೊಲಕ್ಕೆ ಹೋದೆವು. ಗೇಣುದ್ದ ಭತ್ತ, ಸಾಲಿಗೆ ಸಾಲು, ಒಂದು ಕಳೆ ಇರಲಿಲ್ಲ. ಅವಳು ನನ್ನನ್ನು ನಾಲ್ಕೂ ಬದುಗಳ ಮೇಲೆ ನಡೆಸಿದಳು. ಕಲ್ಲಿನ ಗುಪ್ಪೆಯ ಹತ್ತಿರ ನಿಲ್ಲಿಸಿ, "ಈ ಮೂಲ್ಯಾಗ ನಿಂತ ಆ ಕಡೆ ತಿರುಗಿದ್ರ ಹೊಲಾ. ಈ ಕಡೆ ತಿರುಗಿದ್ರ ನಿಮ್ಮ ಬೀಳು," ಎಂದಳು. ಬೈಗುಳಕ್ಕಿಂತ ಅದು ಹೆಚ್ಚು ತಾಗಿತು.

ಆ ಮೇಲೆ ಎರಡು ವಾರ ನಾನು ಅಂಗಡಿ ಅರ್ಧ ದಿನ ಮುಚ್ಚಿ ಹುಣಸಿಕೊಪ್ಪಕ್ಕೆ ಹೋದೆ. ಪಾಲಿಗೆ ಮಾಡುವ ಮನೆಮನೆಯ ಹೇಳಿಕೆ ಬರೆದೆ. ಯಾವ ಹೊಲ, ಎಷ್ಟು ವರ್ಷ, ಏನು ಬೆಳೆ. ನಾನೇ ಬರೆದ ಹನ್ನೊಂದು ಪತ್ರಗಳಲ್ಲಿನ ಆ ಸಾಲು ಜಾಗ ನೋಡದೆ ಬರೆದದ್ದು ಎಂದು ನನ್ನ ಹೆಸರಿನಲ್ಲಿ ಒಂದು ಅಫಿಡವಿಟ್ಟೂ ಮಾಡಿದೆ. ರಾಕೇಶ ಫೋನು ಮಾಡಿ, "ಅಣ್ಣಾ, ನಿಮ್ಮ ಅಂಗಡಿಗೆ ಇನ್ನ ಯಾರ ಬರ್ತಾರ ನೋಡ್ಕೊಳ್ರಿ," ಎಂದ. ನಯವಾಗಿಯೇ ಹೇಳಿದ. ನಿಜಕ್ಕೂ ಗಿರಾಕಿ ಕಡಿಮೆಯಾದರು.

ಆಗಸ್ಟಿನಲ್ಲಿ ಶಾಲೆಯ ಬಯಲಿನಲ್ಲಿ ಸಭೆ ಕರೆದರು. ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು, ಕಂಪನಿಯ ಇಂಜಿನಿಯರ, ರಾಕೇಶ, ಪಂಚಾಯತಿಯವರು ಕುರ್ಚಿಯ ಮೇಲೆ. ಊರ ಗಂಡಸರು ಜಮಖಾನೆಯ ಮೇಲೆ. ಹೆಂಗಸರು ಹಿಂದೆ, ಬರಿ ನೆಲದ ಮೇಲೆ. ರಾಕೇಶ ದೊಡ್ಡ ಬಣ್ಣದ ಚಿತ್ರ ತೋರಿಸಿ ಮಾತಾಡಿದ. ಹೊಗೆಯಿಲ್ಲದ ವಿದ್ಯುತ್ತು, ಊರಿಗೆ ಬೀದಿದೀಪ, ಶಾಲೆಗೆ ಕಂಪ್ಯೂಟರ್. ಸಾಹೇಬರು, ಜಮೀನು ಸಾಗುವಳಿ ಇಲ್ಲದ್ದರಿಂದ ಯಾರಿಗೂ ತೊಂದರೆಯಾಗುವುದಿಲ್ಲ, ಪಂಚಾಯತಿ ಇಂದೇ ಒಪ್ಪಿಗೆಯ ಠರಾವು ಮಾಡಬಹುದು ಎಂದರು.

ಖತೀಜಾಬಿ ಹಿಂದಿನಿಂದ ಎದ್ದು ಜಮಖಾನೆ ದಾಟಿ ಮುಂದೆ ಬಂದಳು. ಇಂಜಿನಿಯರ ಅವಳ ಮುಖ ನೋಡಿ, ನೀನು ಯಾವ ದೇಶದವಳು ಎಂದು ಹಿಂದಿಯಲ್ಲಿ ಕೇಳಿದ. ಪಕ್ಕದಲ್ಲಿದ್ದ ಒಬ್ಬಿಬ್ಬರು ನಕ್ಕರು.

"ಈ ಹೊಲದಾಕಿ," ಎಂದಳು ಕನ್ನಡದಲ್ಲೇ. "ನೀ ಯಾವೂರಾಂವ?"

ನಗು ನಿಂತಿತು.

"ಬಿಸಿಲಿನ ಕರೆಂಟ ಬ್ಯಾಡ ಅಂತ ನಾ ಅಂದಿಲ್ಲ ಸಾಹೇಬ್ರ. ನನ್ನ ಅಟ್ಟದ ಮ್ಯಾಲ ಅದರದ ದೀಪಾ ಐತಿ, ಆನಿ ಬೆದರಸಾಕ. ಪೇಟ್ಯಾಗ ದೊಡ್ಡ ದೊಡ್ಡ ಮಾಳಿಗಿ ಅದಾವ, ಅದರ ಮ್ಯಾಲ ಹಾಕ್ರಿ. ಉಣ್ಣೂ ಹೊಲದ ಮ್ಯಾಲ ಯಾಕ? ಯಾರಿಗೂ ತೊಂದ್ರಿ ಇಲ್ಲ ಅಂದ್ರಿ. ನಾವ ಮೂವತ್ತೇಳ ಮನಿ ಅದೀವಿ. ನಮ್ಮನ್ನ ಎಣಿಸೀರೇನು?"

"ದಾಖಲೆಯಲ್ಲಿ ಬೀಳು ಅಂತ ಇದೆಯಮ್ಮ," ಎಂದರು ಸಾಹೇಬರು.

"ಅರ್ಧ ಮೈಲಿ ಐತಿ. ಬರ್ರಿ, ನೋಡ್ರಿ."

ಇವತ್ತು ಆಗುವುದಿಲ್ಲ, ಇನ್ನೊಂದು ಸಭೆಯಿದೆ ಎಂದು ಸಾಹೇಬರು ಎದ್ದು ಜೀಪಿನ ಕಡೆ ನಡೆದರು. ಅವರು ಹತ್ತುವಷ್ಟರಲ್ಲಿ ಹೆಂಗಸರು ಜೀಪಿನ ಸುತ್ತ ಕೂತಾಗಿತ್ತು. ಖತೀಜಾಬಿಯ ಕಳೆ ಗುಂಪಿನ ರೀಟಾ ಮುಂದಿನ ಗಾಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಯಾರೂ ಕೈ ಎತ್ತಲಿಲ್ಲ, ಯಾರೂ ಕೂಗಲಿಲ್ಲ. ಮುಕ್ಕಾಲು ತಾಸು ಹೀಗೇ ಹೋಯಿತು. ಕೊನೆಗೆ ಸಾಹೇಬರು ಪ್ಯಾಂಟು ಮಡಚಿಕೊಂಡರು.

ಕೆಸರು ಹಾದಿಯಲ್ಲಿ ಅವರು ಮುಂದೆ, ಊರು ಹಿಂದೆ. ಭತ್ತ ಮೊಣಕಾಲು ದಾಟಿತ್ತು. ಖತೀಜಾಬಿ ಅವರನ್ನು ಬದುವಿನ ಮೇಲೆ ನಿಲ್ಲಿಸಿದಳು.

"ಇದೇನ್ರಿ ಸಾಹೇಬ್ರ?"

ಅವರು ಬೂಟಿನ ಕೆಸರನ್ನು ಬದುವಿನ ಹುಲ್ಲಿಗೆ ಒರೆಸಿದರು.

"ನಿಮ್ಮ ಕಾಗದಾ ಬೀಳು ಅಂತೈತಿ. ಇದಕ್ಕ ಏನಂತಾರ ಹೇಳ್ರಿ."

"ಭತ್ತ," ಎಂದರು ಮೆಲ್ಲಗೆ.

"ಬರೀರಿ ಹಂಗಾರ."

"ಅದಕ್ಕೊಂದು ಕ್ರಮ ಇದೆಯಮ್ಮ. ಹೀಗೆಲ್ಲ ನಿಂತಲ್ಲೇ ಬರೆಯೋಕಾಗಲ್ಲ."

"ಇಲ್ಲ ಅಂತ ಬರೀಯಾಕ ಯಾವ ಕ್ರಮಾ ಬೇಕಾಗಿದ್ದಿಲ್ಲ? ಐತಿ ಅಂತ ಬರೀಯಾಕ ಮಾತ್ರ ಕ್ರಮಾ ಬೇಕೇನು?"

ನಾನು ರುಬಿನಾಳ ಕಾಲೇಜು ಚೀಲದ ಮೇಲೆ ಕಾಗದ ಇಟ್ಟು ಪಂಚನಾಮೆ ಬರೆಯಲು ಕೂತೆ. ಇಂಥ ದಿನ, ಇಂಥ ಹೊತ್ತು, ಇಂಥ ಸರ್ವೇ ನಂಬರಿನಲ್ಲಿ ಇಷ್ಟು ಎತ್ತರದ ಭತ್ತ. ಸಾಹೇಬರು ಸಹಿ ಹಾಕಲು ಒಪ್ಪಲಿಲ್ಲ. ಪಂಚಾಯತಿ ಸದಸ್ಯ ಲಗಮಪ್ಪ ಹಾಕಿದ. ಪಾಲುದಾರರು ಹಾಕಿದರು. ಒಡೆಯರ ಕಡೆಯಿಂದ ಯಾರೂ ಮುಂದೆ ಬರಲಿಲ್ಲ. ಆಗ ಗುಂಪಿನ ನಡುವಿನಿಂದ ಸುಶೀಲವ್ವ ಬಂದರು.

ಶಂಕ್ರಪ್ಪನವರು, "ನೀ ಯಾಕ ಬರ್ತಿ? ಮನಿಗೆ ನಡಿ," ಎಂದರು.

"ಉತಾರದಾಗ ನನ್ನ ಹೆಸರೂ ಐತಿ," ಎಂದರು ಸುಶೀಲವ್ವ ಗಂಡನ ಕಡೆ ತಿರುಗದೆ. ಸಾಹೇಬರಿಗೆ ಹೇಳಿದರು: "ಈ ಹೊಲದ ಪಾಲಿನ ಭತ್ತಾ ಪ್ರತಿ ವರ್ಷ ನಾನ ಅಳಸಿ ಒಳಗ ಹಾಕಿಸ್ಕೊಂಡೇನ್ರಿ. ಖತೀಜಾ ಹೊತ್ತ ತಂದ ಹಾಕ್ಯಾಳ. ಆ ಕಾಗದಕ್ಕ ಸಹಿ ಮಾಡಿದ್ದು ಖರೆ. ಬೀಳು ಅಂತ ಬರದೈತಿ ಅಂತ ಓದಿ ಹೇಳಿದ್ದಿಲ್ಲ ಯಾರೂ." ಹೇಳುತ್ತ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ನಿಧಾನವಾಗಿ ತಮ್ಮ ಹೆಸರು ಬರೆದರು.

ಠರಾವು ಆ ದಿನ ಆಗಲಿಲ್ಲ.

ಮೂರನೇ ದಿನ ಪೊಲೀಸರು ಹೊಲಕ್ಕೇ ಬಂದರು. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆಂದು ಖತೀಜಾಬಿ, ರೀಟಾ ಸೇರಿ ಆರು ಹೆಂಗಸರ ಮೇಲೆ ಕೇಸು. ಕಾಲು ತೊಳೆಯಲೂ ಬಿಡದೆ ಜೀಪು ಹತ್ತಿಸಿದರು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಬೆಂಚಿನ ಮೇಲೆ ಕೂರಿಸಿದರು. ಕಾಲಿನ ಕೆಸರು ಒಣಗಿ ನೆಲದ ಮೇಲೆ ಉದುರಿತು. ಅದನ್ನು ಗುಡಿಸು ಎಂದು ಒಬ್ಬ ಪೇದೆ ಬಾರಿಗೆ ತಂದುಕೊಟ್ಟ. ಅವಳು ಬಾರಿಗೆ ಮುಟ್ಟಲಿಲ್ಲ. "ನಾ ಬಂದಿಲ್ಲ, ನೀವ ತಂದೀರಿ," ಎಂದಳು. ಜಾಮೀನಿನ ಕಾಗದ ನಾನು ಬರೆದೆ. ಹಳ್ಳಿಯ ಮೂವತ್ತೇಳು ಮನೆಯ ಹೊಲ ಕಿತ್ತುಕೊಳ್ಳುವುದು ಅಭಿವೃದ್ಧಿ, ಮುಕ್ಕಾಲು ತಾಸು ಜೀಪು ತಡೆದದ್ದು ಅಪರಾಧ. ಇಷ್ಟು ವರ್ಷ ಕಾನೂನಿನ ಭಾಷೆ ಟೈಪ್ ಮಾಡಿದ ನನಗೆ ಈ ಲೆಕ್ಕ ಆ ದಿನ ಮೊದಲ ಬಾರಿಗೆ ಅರ್ಥವಾಯಿತು.

ಪಂಚನಾಮೆ, ಹೇಳಿಕೆ, ಸುಶೀಲವ್ವನ ತಕರಾರು ಎಲ್ಲ ಮೇಲಕ್ಕೆ ಹೋದವು. ನವೆಂಬರಿನಲ್ಲಿ ಮರುಸಮೀಕ್ಷೆ ಆಯಿತು. ಮೇಲಿನ ಹೊಲ ಸೇರಿದಂತೆ ನಲವತ್ತೊಂದು ಎಕರೆಯನ್ನು ಬೆಳೆ ಇರುವ ಜಮೀನು ಎಂದು ಯೋಜನೆಯಿಂದ ಕೈಬಿಟ್ಟರು. ಒಡೆಯರು ಬಾಯಿ ಬಿಡದ ಉಳಿದ ಹೊಲಗಳು ಹೋದವು. ಭತ್ತ ಕೊಯ್ದ ಮರುವಾರವೇ ಯಂತ್ರ ಇಳಿಯಿತು. ಸಂಕ್ರಾಂತಿಯ ಹೊತ್ತಿಗೆ ಆಳೆತ್ತರದ ತಂತಿಬೇಲಿ, ಮಳೆಗಾಲದ ಮುಂಚೆ ಹೊಳೆಯುವ ಗಾಜಿನ ಸಾಲು. ನಾಲ್ಕು ಎಕರೆ ಪಾಲಿಗೆ ಮಾಡುತ್ತಿದ್ದ ಯಲ್ಲವ್ವ ಈಗ ದಾಂಡೇಲಿಯ ರೆಸಾರ್ಟೊಂದರಲ್ಲಿ ತಾಟು ತೊಳೆಯುತ್ತಾಳೆ.

ಶಂಕ್ರಪ್ಪನವರು ಖತೀಜಾಬಿಯಿಂದ ಹೊಲ ಬಿಡಿಸಿಕೊಳ್ಳಲು ನೋಡಿದರು. ಸುಶೀಲವ್ವ ಬಿಡಲಿಲ್ಲ. ಆ ಮನೆಯಲ್ಲಿ ಗಂಡ ಹೆಂಡತಿ ತಿಂಗಳುಗಟ್ಟಲೆ ಮಾತಾಡಲಿಲ್ಲವಂತೆ. ಉತಾರದಲ್ಲಿ ಬೆಳೆಯ ಎದುರು ಈಗ ಭತ್ತ ಎಂದಿದೆ. ಉಳುವವರ ಹೆಸರಿನ ಎದುರು ಇನ್ನೂ ಸ್ವಂತ ಎಂದೇ ಇದೆ. ಅಲ್ಲಿ ಖತೀಜಾಬಿ ಈಗಲೂ ಇಲ್ಲ.

ಬದು ಒಡೆಯುವ ಕೂಲಿ ನಾಲ್ಕು ತಿಂಗಳಿಗೇ ಮುಗಿದಿತ್ತು. ರೂಪಿಬಾಯಿಯನ್ನು ಮತ್ತೆ ಯಾರೂ ಕರೆಯಲಿಲ್ಲ. ಮರುವರ್ಷದ ಜುಲೈನಲ್ಲಿ ಖತೀಜಾಬಿ ತಾನೇ ಅವಳ ಮನೆಗೆ ಹೋಗಿ, "ನಾಳಿ ಕಳೆ ಐತಿ, ಬರ್ತಿಯೇನು?" ಎಂದು ಕೇಳಿದಳು. ರೂಪಿಬಾಯಿ ಬಂದಳು. ಮೊದಲಿನ ಹಾಗೆ ಹಾಡು, ನಗೆ ಏನೂ ಇರಲಿಲ್ಲ. ಅದು ಮರಳಿ ಬರಬಹುದು, ಬರದೆಯೂ ಇರಬಹುದು.

ಒಂದು ಸಂಘದವರು ಹಳಿಯಾಳದಲ್ಲಿ ಕಾರ್ಯಕ್ರಮ ಮಾಡಿ ಖತೀಜಾಬಿಗೆ ಶಾಲು ಹೊದಿಸಲು ಬಂದಿದ್ದರು. ನಾನು ಅಲ್ಲೇ ಇದ್ದೆ. "ಯಲ್ಲವ್ವನ ಹೊಲಾ ಹೋತು," ಎಂದಳು. "ಇಪ್ಪತ್ತ ಮನ್ಯಾವ್ರ ಹೊಲಾ ಹೋತು. ನನಗ ಶಾಲ ಹಾಕ್ತೀರೇನು? ಗೆದ್ದಾಕಿ ಅಂತ? ನಾ ಏನ ಗೆದ್ದೇನಿ?" ಅವರು ಶಾಲು ಮಡಚಿಕೊಂಡು ಹೋದರು.

ಬೇಲಿ ಬಂದ ಮೇಲೆ ಕೆರೆಗೆ ಹೋಗುವ ಬಂಡಿದಾರಿ ಅದರೊಳಗೆ ಸೇರಿತು. ದನಗಳನ್ನು ಈಗ ಎರಡು ಮೈಲಿ ಸುತ್ತಿಸಿ ನೀರಿಗೆ ಹೊಡೆದುಕೊಂಡು ಹೋಗಬೇಕು. ಆ ದಾರಿ ಬಿಡಿಸಲು ಅವಳು ಹೊಸ ಅರ್ಜಿ ಬರೆಸಲು ಬಂದಳು. ಪ್ರತಿ ಅರ್ಜಿಯ ಕೊನೆಗೆ ನಾವು ಬರೆಯುವ ಸಾಲು ಇದ್ದೇ ಇದೆ, ತಮ್ಮಲ್ಲಿ ಕಳಕಳಿಯ ವಿನಂತಿ ಎಂದು. ನಾನು ಟೈಪ್ ಮಾಡಿ ಓದಿದೆ.

"ವಿನಂತಿ ತಗಿ," ಎಂದಳು.

"ಅದು ಪದ್ಧತಿ. ಇಲ್ಲಂದ್ರ ಒರಟ ಅನಸ್ತೈತಿ."

"ಅನಸ್ಲಿ. ಅಜ್ಜ ಮುತ್ತ್ಯಾನ ಕಾಲದಿಂದ ನಡದ ದಾರಿ. ಅದನ್ನ ಕೊಡ್ರಿ ಅಂತ ಕೈ ಮುಗೀಬೇಕೇನು? ತಗದಾರ, ತಿರುಗಿ ಬಿಡ್ರಿ ಅಂತ ಬರಿ."

ಹಾಗೆಯೇ ಬರೆದೆ. ಕಿಟಕಿಯಲ್ಲಿ ಈ ಸಲ ಅರ್ಜಿ ತೆಗೆದುಕೊಂಡರು, ಮುದ್ರೆ ಒತ್ತಿ ಪ್ರತಿ ಕೊಟ್ಟರು. ನಾಲ್ಕು ತಿಂಗಳಾಯಿತು, ಉತ್ತರ ಬಂದಿಲ್ಲ. ಕೇಸಿನ ತಾರೀಖು ಇದ್ದಾಗೆಲ್ಲ ಅವಳು ಕೋರ್ಟಿನಿಂದ ಕಚೇರಿಗೆ ಹೋಗಿ ಕೇಳುತ್ತಾಳೆ. ಮುಂದಿನ ತಾರೀಖು ಮಂಗಳವಾರ.